ಫೈಬರ್ ಕಡಿದರೂ ನೆಟ್ ನಿಲ್ಲದ ಹಾಗೆ: ಮಲೆನಾಡಿನ ಮನೆಗೆ ಎರಡನೇ ಲೈನು

ಬ್ಯಾಕಪ್ಪಿಗೆ ಒಂದು ಸಿಮ್ ಹಾಕಿಟ್ಟರಾಯಿತು ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಆ ಟವರಿಗೆ ಹೋಗುವ ಫೈಬರ್ ಯಾವ ಕಂಬದ ಮೇಲಿದೆ? ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಮನೆಯದೂ ಟವರಿನದೂ ಒಟ್ಟಿಗೇ ಹೋಗುವುದುಂಟು. ಹಾಗಾಗಿ ಹತ್ತಿರದ ಟವರ್ ಬಿಟ್ಟು, ಗುಡ್ಡದ ಮೇಲಿನ, ಫೈಬರ್ ಬದಲು ಮೈಕ್ರೋವೇವ್ ಡಿಶ್‌ನಿಂದ ಗಾಳಿಯಲ್ಲೇ ಲಿಂಕ್ ಪಡೆಯುವ ಬೇರೆ ಕಂಪನಿಯ ಟವರ್ ಹಿಡಿದೆ. "ಅಷ್ಟು ದೂರದ್ದು ಎಲ್ಲಿ ಸಿಗ್ತದೆ ಮಾರಾಯ" ಅಂದವರು ಈಗ ವಿಡಿಯೊ ಮೀಟಿಂಗಿಗೆ ನಮ್ಮ ಜಗಲಿಗೇ ಬರುತ್ತಾರೆ.

ಮನೆಯೊಳಗೆ ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) -117ರ ಆಸುಪಾಸು. ಮೊದಲು ತಂದ, ಎಲ್ಲ ದಿಕ್ಕಿನಿಂದಲೂ ಹಿಡಿಯುವ ಓಮ್ನಿ ಆಂಟೆನಾದ ದುಡ್ಡು ದಂಡ: ಅದು ಬೇಡದ ಟವರುಗಳನ್ನೂ ಎಳೆದುಕೊಳ್ಳುತ್ತದೆ, ಎಸ್‌ಐಎನ್‌ಆರ್ (ಗದ್ದಲದೆದುರು ಸಿಗ್ನಲ್ ಎಷ್ಟು ಸ್ವಚ್ಛ ಅನ್ನುವ ಅಳತೆ) ಏರುವುದೇ ಇಲ್ಲ. ಆಮೇಲೆ ಎರಡು ಎಲ್‌ಪಿಡಿಎ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ), ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ ಜಿಐ ಪೈಪಿಗೆ ಕಟ್ಟಿದ ಮೇಲೆ -98, ಎಸ್‌ಐಎನ್‌ಆರ್ ಹನ್ನೆರಡರ ಮೇಲೆ. ಕೇಬಲ್ ಉದ್ದ ಮಾಡಬೇಡಿ. ತೆಳು ಆರ್‌ಜಿ-58 ಆಂಟೆನಾ ಕೇಬಲ್ ಹತ್ತು ಮೀಟರಿಗೆ 1800 ಮೆಗಾಹರ್ಟ್ಸ್‌ನಲ್ಲಿ ಏಳೆಂಟು ಡಿಬಿ (ಡೆಸಿಬೆಲ್) ಸಿಗ್ನಲ್ ತಿನ್ನುತ್ತದೆ, ಆಂಟೆನಾದಿಂದ ಬಂದ ಲಾಭ ಅಲ್ಲಿಗೇ ಮುಗಿಯಿತು. 4ಜಿ ರೂಟರನ್ನೇ ಅಟ್ಟಕ್ಕೆ ಏರಿಸಿ ಕೆಳಗೆ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಇಳಿಸಿದೆ. ಪೈಪಿಗೆ ಅರ್ತಿಂಗ್ ಬೇಕೇ ಬೇಕು.

ಖರ್ಚು ಒಟ್ಟು ಒಂಬತ್ತು ಸಾವಿರದ ಹತ್ತಿರ: 4ಜಿ ರೂಟರ್ ಮೂರೂವರೆ, ಆಂಟೆನಾ ಜೋಡಿ ಎರಡೂವರೆ, ಉಳಿದದ್ದು ಪೈಪು, ಕೇಬಲ್, ಮಿನಿ ಯುಪಿಎಸ್. ಅಗ್ಗದ ಯುಪಿಎಸ್‌ನಲ್ಲಿ ಬ್ಯಾಟರಿ ಇಳಿದಂತೆ 12 ವೋಲ್ಟೂ ಇಳಿಯುತ್ತದೆ, ಮಾಡೆಮ್ ಜೋರಾಗಿ ಟ್ರಾನ್ಸ್‌ಮಿಟ್ ಮಾಡುವಾಗ ರೂಟರ್ ರೀಬೂಟ್. 4ಜಿ ರೂಟರಿನ ಬದಲು ಹಳೇ ಮೊಬೈಲನ್ನು ಯುಎಸ್‌ಬಿ ಟೆದರಿಂಗಿಗೆ ಹಾಕಿಯೂ ನೋಡಿದೆ, ಚೆನ್ನಾಗಿಯೇ ಓಡಿತು. ಆದರೆ ಸದಾ ಚಾರ್ಜಿನಲ್ಲಿದ್ದು ಬ್ಯಾಟರಿ ಉಬ್ಬಿತು.

ಮೇನ್ ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ (ರೂಟರಿನ ಉಚಿತ ಸಾಫ್ಟ್‌ವೇರ್), ಅದರಲ್ಲಿ ಎರಡು ಲೈನನ್ನು ನೋಡಿಕೊಳ್ಳುವ ಎಂವಾನ್3. ಒಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ), 4ಜಿ ರೂಟರ್ ಎರಡರ ವಿಳಾಸವೂ 192.168.1.1 ಆಗಿದ್ದರೆ ಏನೂ ನಡೆಯದು, ಒಂದನ್ನು ಬದಲಿಸಿ. ಮೆಟ್ರಿಕ್ (ಕಡಿಮೆ ಇದ್ದ ಲೈನಿಗೆ ಮೊದಲ ಸರದಿ) ಫೈಬರಿಗೆ 10, 4ಜಿಗೆ 20. ಫೈಬರ್ ಕಡಿದರೂ ಒಎನ್‌ಟಿಯ ಈಥರ್ನೆಟ್ ಲಿಂಕ್ ಬೀಳುವುದಿಲ್ಲ, ಗೇಟ್‌ವೇಗೆ, ಅಂದರೆ ಒಎನ್‌ಟಿಗೇ, ಕಳಿಸಿದ ಪಿಂಗಿಗೆ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಉತ್ತರ ಬರುತ್ತಲೇ ಇರುತ್ತದೆ. ಅದಕ್ಕೇ ಹೊರಗಿನ ಸರ್ವರ್‌ಗಳಾದ 1.1.1.1, 8.8.8.8 ಎರಡಕ್ಕೂ ಪಿಂಗ್, ರಿಲಯಬಿಲಿಟಿ 1 (ಒಂದರಿಂದ ಉತ್ತರ ಬಂದರೂ ಸಾಕು), ಡೌನ್ 3 (ಮೂರು ಸಲ ತಪ್ಪಿದರೆ ಲೈನು ಸತ್ತಿತು), ಅಪ್ 10 (ಹತ್ತು ಸಲ ಬಂದರೆ ಮರಳಿತು). ಅಪ್ ಕಡಿಮೆ ಇಟ್ಟರೆ ಮಳೆಯಲ್ಲಿ ಲೈನು ಅತ್ತಿಂದಿತ್ತ ಜೀಕುತ್ತಿರುತ್ತದೆ. ಡಿಸ್‌ಕನೆಕ್ಟ್ ಆದಾಗ ಕಾನ್‌ಟ್ರ್ಯಾಕ್ (ಚಾಲ್ತಿ ಕನೆಕ್ಷನ್‌ಗಳ ಪಟ್ಟಿ) ಫ್ಲಶ್ ಇರಲಿ, ಇಲ್ಲದಿದ್ದರೆ ಹಳೇ ಕನೆಕ್ಷನ್‌ಗಳು ಸತ್ತ ಲೈನಿಗೇ ಅಂಟಿಕೊಂಡಿರುತ್ತವೆ. ಡಿಎನ್ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಪಬ್ಲಿಕ್ ಹಾಕಿ. ಕಂಪನಿಯದು ಇನ್ನೊಬ್ಬರ ನೆಟ್ಟಿನಿಂದ ಸಿಗದೆ ಹೋಗಬಹುದು. ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಮನೆಯೊಳಗಿನ ಲ್ಯಾನಿನಲ್ಲಿ ಬಂದ್ ಮಾಡಿದ್ದೇನೆ, ಲೈನು ಬದಲಾದರೂ ಫೋನುಗಳು ಹಳೇ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬಿಡಲು ಒಪ್ಪುವುದಿಲ್ಲ. ಟಿವಿಗೆ 4ಜಿ ದಾರಿ ಮುಚ್ಚಿದೆ, ಒಂದೇ ಸಿನಿಮಾಕ್ಕೆ ದಿನದ ಡೇಟಾ ಖಾಲಿ.

ಪರೀಕ್ಷೆಗೆ ಈಥರ್ನೆಟ್ ಕೇಬಲ್ ಕಿತ್ತರೆ ಸಾಲದು, ಅದು ಯಾವ ಸೆಟ್ಟಿಂಗಿನಲ್ಲೂ ಪಾಸಾಗುತ್ತದೆ. ಒಎನ್‌ಟಿಯ ಹಸಿರು ಫೈಬರ್ ಕನೆಕ್ಟರನ್ನೇ ಬಿಚ್ಚಿ. ತುದಿಗೆ ಬೆರಳು ತಾಗಬಾರದು, ಕೂಡಲೇ ಕ್ಯಾಪ್ ಹಾಕಿ.