ಹಿಮೋಗ್ಲೋಬಿನ್ 10.2 ಬಂದರೆ ನಾನು ಏನೇನು ನೋಡುತ್ತೇನೆ

ಗರ್ಭಿಣಿಯ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ ಕಡಿಮೆ ಕಂಡ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ‘ಕಬ್ಬಿಣದ ಕೊರತೆ’. ಬಹಳಷ್ಟು ಸಲ ಅದು ನಿಜವೂ ಹೌದು. ಆದರೆ ಹಿಮೋಗ್ಲೋಬಿನ್ ರಕ್ತ ಕಡಿಮೆಯಾಗಿದೆ ಎಂದಷ್ಟೇ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ, ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಹಿಡಿಯುತ್ತೇನೆ. ಆ ನಡುವಿನ ತಿಂಗಳುಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕೆಂಪುಕಣಗಳಿಗಿಂತ ಬೇಗ ಹೆಚ್ಚಿ ರಕ್ತ ತೆಳುವಾಗುತ್ತದೆ, ಗಡಿ ಇಳಿದಿರುವುದು ಅದಕ್ಕೇ.

ಸ್ಯಾಂಪಲ್ ಕೆಟ್ಟರೆ ಮುಂದಿನದೆಲ್ಲ ವ್ಯರ್ಥ. ಬೆರಳು ಹಿಂಡಿ ತೆಗೆದ ಹನಿಯಲ್ಲಿ ಅಂಗಾಂಶದ ದ್ರವ ಬೆರೆತಿರುತ್ತದೆ, ಹಾಗಾಗಿ ರಕ್ತನಾಳದಿಂದಲೇ ತೆಗೆಸುತ್ತೇನೆ. ಡ್ರಿಪ್ ಹೋಗುತ್ತಿರುವ ಕೈ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ಗೆರೆಯವರೆಗೆ ತುಂಬಿ, 8–10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಜೋರಾಗಿ ಕುಲುಕಿದರೆ ಕಣಗಳು ಒಡೆಯುತ್ತವೆ.

ಸಿಬಿಸಿಯಲ್ಲಿ (ರಕ್ತಕಣಗಳ ಪೂರ್ಣ ಎಣಿಕೆ) ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, 80ಕ್ಕಿಂತ ಕಡಿಮೆ, ಆರ್‌ಡಿಡಬ್ಲ್ಯೂ, ಅಂದರೆ ಕಣಗಳ ಗಾತ್ರದಲ್ಲಿನ ಏರುಪೇರು, 15ಕ್ಕಿಂತ ಹೆಚ್ಚು ಇದ್ದರೆ ಕಬ್ಬಿಣದ ಮೇಲೆ ಅನುಮಾನ ಬಲವಾಗುತ್ತದೆ. ಎಂಸಿವಿ 84 ಇದ್ದರೂ ನಿಶ್ಚಿಂತೆಯಿಲ್ಲ. ಬಿ12 ಅಥವಾ ಫೋಲೇಟ್ ಕೊರತೆ ಜೊತೆಗೂಡಿದ್ದರೆ ಸಣ್ಣ ಕಣ, ದೊಡ್ಡ ಕಣ ಬೆರೆತು ಸರಾಸರಿ ಸರಿಯಾಗಿಯೇ ಕಾಣುತ್ತದೆ. ಅಂಥಲ್ಲಿ ಸ್ಮಿಯರ್, ಅಂದರೆ ಗಾಜಿನ ಮೇಲೆ ಹರಡಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು: ನಡುಭಾಗ ಬಿಳಿಚಿದ ಕಣಗಳು, ಪೆನ್ಸಿಲ್‌ನಂತೆ ಉದ್ದವಾದವು, ಪಕ್ಕದಲ್ಲೇ ಮೊಟ್ಟೆಯಾಕಾರದ ದೊಡ್ಡ ಕಣಗಳು.

ಇನ್ನೊಂದು ಚಿತ್ರ: ಹಿಮೋಗ್ಲೋಬಿನ್ 10.2, ಎಂಸಿವಿ 62, ಕೆಂಪುಕಣಗಳ ಎಣಿಕೆ ಮೈಕ್ರೋಲೀಟರ್‌ಗೆ 5.4 ಮಿಲಿಯನ್. ರಕ್ತ ಕಡಿಮೆ, ಕಣಗಳು ಮಾತ್ರ ಹೇರಳ! 62ನ್ನು 5.4ರಿಂದ ಭಾಗಿಸಿದರೆ 11.5. ಈ ಲೆಕ್ಕ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರೋಗ) ವಾಹಕತೆಯ ಸುಳಿವು, ತೀರ್ಪಲ್ಲ. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಎ2 ಎಂಬ ಬಗೆಯ ಪ್ರಮಾಣ 3.5 ಶೇಕಡಾ ದಾಟಿದೆಯೇ ನೋಡುತ್ತೇನೆ. ದಾಟಿದ್ದರೆ ಗಂಡನ ಪರೀಕ್ಷೆಯೂ ತಡವಾಗಬಾರದು, ಇಬ್ಬರೂ ವಾಹಕರಾದರೆ ರೋಗ ಮಗುವಿಗೆ ಬರಬಹುದು. ಕಬ್ಬಿಣ ತೀರಾ ಕಡಿಮೆಯಿದ್ದರೆ ಎ2 ಕೂಡ ಇಳಿದು ವಾಹಕತೆ ಮರೆಯಾಗಬಹುದು ಎಂಬುದು ನೆನಪಿರಲಿ.

ಕಬ್ಬಿಣದ ಕೊರತೆಯನ್ನು ಖಚಿತಪಡಿಸುವುದು ಫೆರಿಟಿನ್, ಅಂದರೆ ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಮಿಲಿಲೀಟರ್‌ಗೆ 30 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಸೋಂಕು, ಉರಿಯೂತವಿದ್ದಾಗ ಮಾತ್ರ ಅದು ಸುಳ್ಳಾಗಿ ಏರುತ್ತದೆ, ಹಾಗಾಗಿ ಜೊತೆಗೇ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸುತ್ತೇನೆ. ಸಿಆರ್‌ಪಿ ಏರಿದ್ದಾಗ ಫೆರಿಟಿನ್ 45 ಇದ್ದರೂ ಕೊರತೆ ಇಲ್ಲವೆನ್ನಲಾಗದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್‌ನಲ್ಲಿ ಎಷ್ಟು ಭಾಗ ಕಬ್ಬಿಣ ತುಂಬಿದೆ ಎಂಬುದು) 16 ಶೇಕಡಾಕ್ಕಿಂತ ಕಡಿಮೆಯಿದ್ದರೆ ಕೊರತೆಯ ಕಡೆಗೇ ವಾಲುತ್ತೇನೆ. ಬರೀ ಸೀರಮ್ ಐರನ್ (ರಕ್ತದಲ್ಲಿ ಆ ಹೊತ್ತಿಗೆ ಇರುವ ಕಬ್ಬಿಣ) ನಂಬುವುದಿಲ್ಲ, ಬೆಳಿಗ್ಗೆ ನುಂಗಿದ ಒಂದು ಕಬ್ಬಿಣದ ಮಾತ್ರೆಯೇ ಅದನ್ನು ಏರಿಸಿಬಿಡುತ್ತದೆ.

ಕಬ್ಬಿಣದ ಚಿಕಿತ್ಸೆ ಶುರುವಾದ ಮೇಲೆ 2–4 ವಾರಕ್ಕೆ ಮತ್ತೆ ಹಿಮೋಗ್ಲೋಬಿನ್. 1 ಗ್ರಾಂ ಏರಿದ್ದರೆ ರೋಗನಿರ್ಣಯ ಸರಿ. ಏರದಿದ್ದರೆ ಡೋಸ್ ಹೆಚ್ಚಿಸುವ ಮೊದಲು, ಮಾತ್ರೆಯನ್ನು ಕ್ಯಾಲ್ಸಿಯಂ ಜೊತೆಗೇ ನುಂಗುತ್ತಿದ್ದಾರೆಯೇ, ಹೊಟ್ಟೆ ತೊಳಸಿ ಬಿಟ್ಟೇಬಿಟ್ಟಿದ್ದಾರೆಯೇ ಎಂದು ಗದರದೆ ಕೇಳುತ್ತೇನೆ.