ಶಿಕಾಗೋ ಡೌನ್‌ಟೌನಿನಲ್ಲಿ ಕೆಲಸ, ಮನೆ ಎಲ್ಲಿ ಮಾಡೋದು?

2012ರ ಅಕ್ಟೋಬರಿನಲ್ಲಿ ಹೆಂಡತಿ, ಎಂಟು ತಿಂಗಳ ಮಗಳ ಜೊತೆ ತುಮಕೂರಿನಿಂದ ಇಲ್ಲಿಗೆ ಬಂದೆ. ಆಫೀಸು ವ್ಯಾಕರ್ ಡ್ರೈವಿನಲ್ಲಿ, ಯೂನಿಯನ್ ಸ್ಟೇಷನ್ನಿನಿಂದ ಏಳು ನಿಮಿಷದ ನಡಿಗೆ. ಹೊರಡುವ ಮುಂಚೆ ಎಲ್ಲರೂ ಹೇಳಿದ್ದು ಒಂದೇ ಮಾತು: ಶಿಕಾಗೋದಲ್ಲಿ ಗುಂಡು ಹಾರುತ್ತೆ, ಊರಿಂದ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು. ನಂಬಿದೆ. ಶಿಕಾಗೋದ ಪಶ್ಚಿಮಕ್ಕಿರುವ ಅರೋರಾ ಊರಿನ ದಕ್ಷಿಣದ ಅಂಚಿನಲ್ಲಿ, ಜೋಳದ ಹೊಲ ಶುರುವಾಗುವ ಕಡೆ, ಕಡಿಮೆ ಬಾಡಿಗೆಗೆ ಅಪಾರ್ಟ್‌ಮೆಂಟ್ ಹಿಡಿದೆ. ಅದರ ಬೆಲೆ ನಮ್ಮ ಮನೆಯವರೆಲ್ಲ ತೆತ್ತರು.

ಸೇಫ್ ಅಂದರೆ ಸೇಫೇ. ಕಳ್ಳರ ಭಯ ಇಲ್ಲ, ಗಲಾಟೆ ಇಲ್ಲ. ಆದರೆ ಬಾಗಿಲು ತೆಗೆದು ನಡೆದು ಹೋಗುವುದಕ್ಕೆ ಒಂದು ಜಾಗವೂ ಇರಲಿಲ್ಲ. ಫುಟ್‌ಪಾತ್ ನಮ್ಮ ಕಾಂಪ್ಲೆಕ್ಸಿನ ಗೇಟಿನ ಹತ್ತಿರವೇ ಮುಗಿದು ಹೋಗುತ್ತಿತ್ತು. ಇದ್ದದ್ದು ಒಂದೇ ಕಾರು, ಅದು ಬೆಳಗ್ಗೆಯಿಂದ ಸಂಜೆವರೆಗೂ ರೂಟ್ 59 ಸ್ಟೇಷನ್ನಿನಲ್ಲಿ ನಿಂತಿರುತ್ತಿತ್ತು. ಆಗ ನನ್ನ ಹೆಂಡತಿಯ ಹಾಗೆ ಸಂಗಾತಿಯ ಕೆಲಸದ ವೀಸಾ ಮೇಲೆ ಬಂದ ಎಚ್-4 ವೀಸಾದವರು ಕೆಲಸಕ್ಕೆ ಹೋಗುವ ಹಾಗೇ ಇರಲಿಲ್ಲ. ಅವರಲ್ಲಿ ಕೆಲವರಿಗೆ ಅನುಮತಿ ಸಿಕ್ಕಿದ್ದು 2015ರಲ್ಲಿ. ತುಮಕೂರಿನ ಮನೆಯಲ್ಲಿ ಬೆಳಗ್ಗೆ ಬಾಗಿಲಿಗೆ ನೀರು ಹಾಕುವಷ್ಟರಲ್ಲಿ ಹೂವಿನವರು, ಸೊಪ್ಪಿನವರು, ಎದುರುಮನೆ ಆಂಟಿ ಎಲ್ಲರ ಜೊತೆಗೂ ಮಾತಾಗಿರುತ್ತಿತ್ತು. ಅಂಥ ಬಾಗಿಲಿನಿಂದ ಬಂದವಳನ್ನು ನಾನು ದಿನಕ್ಕೆ ಹನ್ನೆರಡು ಗಂಟೆ ನಾಲ್ಕು ಗೋಡೆ ನಡುವೆ ಬಿಟ್ಟು ಹೋಗುತ್ತಿದ್ದೆ. ಜನವರಿಯ ಒಂದು ಸಂಜೆ ಬೂಟು ಬಿಚ್ಚುತ್ತಿದ್ದೆ, ಅವಳು ಹೇಳಿದಳು: "ಬೆಳಗ್ಗೆಯಿಂದ ನಾನು ಮಾತಾಡಿದ್ದು ಪಾಪು ಹತ್ರ ಮಾತ್ರ ಕಣ್ರೀ. ಅವಳಿಗಿನ್ನೂ ಮಾತು ಬರಲ್ಲ." ಇಷ್ಟು ವರ್ಷ ಆದರೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆದ್ದರಿಂದ ಮನೆ ನೋಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಆಫೀಸಿಗೆ ಹೋಗುವವರ ಬಗ್ಗೆ ಅಲ್ಲ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಯಾರು, ಕಾರಿಲ್ಲದೆ ಅವರು ಎಲ್ಲಿಗೆ ಹೋಗಬಲ್ಲರು? ಲೈಬ್ರರಿ, ಪಾರ್ಕು, ಒಂದು ದಿನಸಿ ಅಂಗಡಿ, ಇಷ್ಟಾದರೂ ನಡೆಯುವ ದೂರದಲ್ಲಿರಲಿ. ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮನಿಗೂ ಇದೇ ಬೇಕು.

ರೈಲಿನ ವಿಷಯ. ಸುತ್ತಲಿನ ಊರುಗಳಿಗೆ ಓಡುವ ಮೆಟ್ರಾ ರೈಲಿನ ಬಿಎನ್‌ಎಸ್‌ಎಫ್ ಲೈನು ಯೂನಿಯನ್ ಸ್ಟೇಷನ್ನಿನಿಂದ ಅರೋರಾವರೆಗೆ ಸುಮಾರು 38 ಮೈಲಿ. ನೇಪರ್‌ವಿಲ್ ಸುಮಾರು 28ನೇ ಮೈಲಿಯಲ್ಲಿ ಸಿಗುತ್ತದೆ. ಬೆಳಗ್ಗೆ ಸಂಜೆ ಎಕ್ಸ್‌ಪ್ರೆಸ್ ಗಾಡಿಗಳಿವೆ, ಸಿಕ್ಕರೆ ನೇಪರ್‌ವಿಲ್‌ಗೆ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ತಪ್ಪಿದರೆ ಬರ್ವಿನ್, ಲಾ ಗ್ರೇಂಜ್, ಡೌನರ್ಸ್ ಗ್ರೋವ್ ಅಂತ ನಿಂತು ನಿಂತು ಹೋಗುವ ಗಾಡಿ. ರೈಲಿನ ಸಮಯ ಅಷ್ಟನ್ನೇ ನೋಡಿ ಮನೆ ಹಿಡಿಯಬೇಡಿ, ನಾನು ಹಾಗೇ ಮಾಡಿದ್ದೆ. ಮನೆಯಿಂದ ಸ್ಟೇಷನ್ನಿಗೆ ಕಾರು, ಪಾರ್ಕಿಂಗ್ ಹುಡುಕಾಟ, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ಆಚೆ ಇಳಿದು ನಡೆಯುವುದು ಎಲ್ಲ ಸೇರಿ ದಿನಕ್ಕೆ ಮೂರು ಗಂಟೆಗೂ ಮೇಲೆ ಆಗುತ್ತಿತ್ತು. ನಿಮ್ಮ ಆಫೀಸು ಯಾವ ಸ್ಟೇಷನ್ನಿಗೆ ಹತ್ತಿರ ಅಂತಲೂ ನೋಡಿ. ಮೆಟ್ರಾ ಗಾಡಿಗಳು ಡೌನ್‌ಟೌನಿನಲ್ಲಿ ನಾಲ್ಕು ಬೇರೆ ಬೇರೆ ಕಡೆ ನಿಲ್ಲುತ್ತವೆ: ಯೂನಿಯನ್, ಓಗಿಲ್ವಿ, ಲಾಸಾಲ್ ಸ್ಟ್ರೀಟ್, ಮಿಲೇನಿಯಂ. ಆಫೀಸು ಮಿಲೇನಿಯಂ ಹತ್ತಿರ ಇದ್ದು ನೀವು ಯೂನಿಯನ್‌ನಲ್ಲಿ ಇಳಿದರೆ, ಚಳಿಗಾಳಿಯಲ್ಲಿ ಡೌನ್‌ಟೌನಿನ ನಡುಭಾಗವಾದ ಲೂಪನ್ನು ದಾಟಿಕೊಂಡು ನಡೆಯಬೇಕು. 2019ರ ಜನವರಿ 30ರಂದು ಇಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂಥ ಚಳಿಯಲ್ಲಿ ಹಳಿ ಬದಲಾಗುವ ಜಾಗ ಹೆಪ್ಪುಗಟ್ಟದಿರಲಿ ಅಂತ ಗ್ಯಾಸಿನ ಬೆಂಕಿ ಉರಿಸುತ್ತಾರೆ. ಡಿಸೆಂಬರಿನಲ್ಲಿ ಸಂಜೆ 4:20ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಅದಕ್ಕೇ ಮನೆಯನ್ನು ಶನಿವಾರ ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿ ಒಪ್ಪಬೇಡಿ. ವಾರದ ದಿನ ಕತ್ತಲಾದ ಮೇಲೆ ರೈಲಿನಿಂದ ಇಳಿದು, ಆ ಮನೆವರೆಗೆ ನಡೆದು ನೋಡಿ.

ಅಪರಾಧದ ಭಯಕ್ಕೆ ಬರುತ್ತೇನೆ, ಅದು ಸುಳ್ಳಲ್ಲ. ಶಿಕಾಗೋ ನಗರದಲ್ಲಿ 77 ಭಾಗಗಳಿವೆ. ದಕ್ಷಿಣ, ಪಶ್ಚಿಮದ ಕೆಲವು ಭಾಗಗಳ ಜನ ಗುಂಡಿನ ಸದ್ದಿನಲ್ಲಿ ನಿಜಕ್ಕೂ ನರಳುತ್ತಿದ್ದಾರೆ, ಉತ್ತರದ ಎಷ್ಟೋ ಭಾಗಗಳಲ್ಲಿ ಮಕ್ಕಳು ರಸ್ತೆಯಲ್ಲಿ ಸೈಕಲ್ ತುಳಿಯುತ್ತಾರೆ. 2001ರಿಂದ ಈಚೆಗಿನ ಅಪರಾಧಗಳ ಮಾಹಿತಿಯನ್ನು ನಗರದವರೇ ಬ್ಲಾಕ್ ಮಟ್ಟದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಟಿವಿ ನೋಡಿ ಹೆದರುವ ಬದಲು ಅದನ್ನು ನೋಡಿ. ಕಾರು ಕೊಳ್ಳುವ ಶಕ್ತಿ ಇನ್ನೂ ಇಲ್ಲದಿದ್ದರೆ ನಗರದ ಗಡಿಗೇ ಹೊಂದಿಕೊಂಡಿರುವ ಓಕ್ ಪಾರ್ಕ್, ಎವನ್‌ಸ್ಟನ್ ಯೋಚಿಸಿ. ಎರಡೂ ಕಡೆ ಮೆಟ್ರಾ ಜೊತೆ ನಗರದ ಸಿಟಿಎ ರೈಲೂ ಇದೆ. ಓಕ್ ಪಾರ್ಕಿನ ಬ್ಲೂ ಲೈನು ರಾತ್ರಿಯಿಡೀ ಓಡುತ್ತದೆ. ಬಾಡಿಗೆ ಜಾಸ್ತಿ ಅನ್ನಿಸಬಹುದು. ಎರಡನೇ ಕಾರಿನ ಕಂತು, ಇನ್ಶೂರೆನ್ಸ್ ಕಳೆದು ಲೆಕ್ಕ ಹಾಕಿ.

ಶಾಲೆಗೆ ಊರಿನ ಹೆಸರು ಸಾಲದು. ನೇಪರ್‌ವಿಲ್ ವಿಳಾಸ ಇದ್ದರೂ ಮನೆ 203ನೇ ಶಾಲಾ ಡಿಸ್ಟ್ರಿಕ್ಟಿಗೆ ಸೇರಿರಬಹುದು, 204ಕ್ಕೂ ಸೇರಿರಬಹುದು. ಮನೆ ನಂಬರು ಕೊಟ್ಟು ಕೇಳಿ. ಸೋಶಿಯಲ್ ಸೆಕ್ಯುರಿಟಿ, ಲೈಸೆನ್ಸು, ಬ್ಯಾಂಕು ಇವಕ್ಕೆಲ್ಲ ಬಂದ ಮೇಲೆ ಅರ್ಜಿ ಹಾಕಿದರಾಯಿತು. ರೈಲಿನ ಟಿಕೆಟ್ಟಿಗೆ ಫೋನಿನಲ್ಲಿ ಟಿಕೆಟ್ಟಿನ ಆ್ಯಪ್ ಹಾಕಿಕೊಳ್ಳಿ.

2014ರಲ್ಲಿ ನೇಪರ್‌ವಿಲ್ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಬಂದೆವು. ಎರಡು ರೂಮು ಕಡಿಮೆ, ಬಾಡಿಗೆ ಜಾಸ್ತಿ. ಹೆಂಡತಿ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಿಕೋಲ್ಸ್ ಲೈಬ್ರರಿಗೆ, ಅಲ್ಲಿಂದ ರಿವರ್‌ವಾಕಿಗೆ ಹೋಗತೊಡಗಿದಳು. ಹೊಳೆ ದಂಡೆಯಲ್ಲೇ ಹಾಸನದವರೊಬ್ಬರು ಸಿಕ್ಕರು, ಅವರಿಂದ ವಿದ್ಯಾರಣ್ಯ ಕನ್ನಡ ಕೂಟದ ಪರಿಚಯ ಆಯಿತು. ಬಾಲಾಜಿ ದೇವಸ್ಥಾನ ಇರುವ ಅರೋರಾದಲ್ಲೇ ಎರಡು ವರ್ಷ ಇದ್ದೂ ನಮಗೆ ಒಬ್ಬ ಕನ್ನಡದವರ ಪರಿಚಯವಾಗಿರಲಿಲ್ಲ. ಭಾನುವಾರಗಳಲ್ಲಿ ನಾನು ನಿದ್ದೆ ತೀರಿಸಿಕೊಳ್ಳುತ್ತಿದ್ದೆ.

ಮಗಳು ಈಗ ಹೈಸ್ಕೂಲಿನ ಹೊತ್ತಿಗೆ ಬಂದಿದ್ದಾಳೆ. ಅಮ್ಮನ ಹತ್ತಿರ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಜಗಳವೂ ಕನ್ನಡದಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳು ಮಾತು ಕಲಿತ ಆ ಎರಡು ವರ್ಷ, ಅವಳು ಏಳುವ ಮುಂಚೆ ನಾನು ರೈಲು ಹತ್ತಿರುತ್ತಿದ್ದೆ. ಇಳಿದು ಮನೆ ಸೇರುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು. ಲೀಸಿಗೆ ಸಹಿ ಹಾಕುವ ಮುಂಚೆ ಬಾಡಿಗೆಯ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ: ಮಗು ಎಚ್ಚರ ಇರುವಾಗ ನಾನು ಮನೆಯಲ್ಲಿ ಎಷ್ಟು ಹೊತ್ತು ಇರುತ್ತೇನೆ?