5 ಜನ, 15 ನಿಮಿಷ: ತರಗತಿಯ ಪ್ರೆಸೆಂಟೇಷನ್‌ಗೆ ನಾವು ತಯಾರಾದ ರೀತಿ

ಗುಂಪಿನ ಪ್ರೆಸೆಂಟೇಷನ್ ಹೆಚ್ಚಾಗಿ ಕೆಡುವುದು ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ಜಾಗದಲ್ಲಿ. ಬಿ.ಕಾಂ. ತರಗತಿಗೆ ಜಿಎಸ್‌ಟಿ ಬಗ್ಗೆ ಕನ್ನಡದಲ್ಲಿ ಮಾತಾಡಲು ಹೊರಟಾಗ ನಮ್ಮ ತಯಾರಿಯ ಬಹುಪಾಲು ಈ ಜೋಡಣೆಗೇ ಹೋಯಿತು.

15 ನಿಮಿಷವನ್ನು ಐವರಿಗೆ ಮೂರು ಮೂರು ಅಂತ ಹಂಚಲಿಲ್ಲ. ಎದ್ದು ಬರುವುದು, ಮೈಕ್ ಕೊಡುವುದು, ಸ್ಲೈಡ್ ತಿರುಗಿಸುವುದು ಎಲ್ಲ ಸೇರಿ ಒಂದೆರಡು ನಿಮಿಷ ತಿನ್ನುತ್ತವೆ. ತಲಾ ಎರಡೂವರೆ ನಿಮಿಷ, ಎರಡೆರಡು ಸ್ಲೈಡ್, ಸುಮಾರು 200 ಪದ. ಮನಸ್ಸಿನಲ್ಲೇ ಓದಿಕೊಂಡರೆ ಸಮಯ ಕಡಿಮೆ ತೋರುತ್ತದೆ. ನಿಂತು, ಗಟ್ಟಿಯಾಗಿ ಹೇಳಿ, ಮೊಬೈಲ್‌ನಲ್ಲಿ ಅಳೆಯಬೇಕು.

ಸ್ಲೈಡ್‌ಗಳೆಲ್ಲ ಒಬ್ಬರ ಕೈಯಲ್ಲೇ ಆಗಲಿ. ಉಳಿದವರು ಬರೀ ವಿಷಯ ಬರೆದುಕೊಡುವುದು. ಐದು ಫೈಲ್‌ಗಳನ್ನು ಕೊನೆಯ ರಾತ್ರಿ ಅಂಟಿಸಿದರೆ ಒಂದು ಕಡೆ ‘ಜಿಎಸ್‌ಟಿ’, ಇನ್ನೊಂದು ಕಡೆ ‘ಸರಕು ಮತ್ತು ಸೇವಾ ತೆರಿಗೆ’, ಜಾರಿಯಾದ ದಿನ (2017ರ ಜುಲೈ 1) ಮೂರು ಸಲ ಬಂದಿರುತ್ತದೆ.

ಕನ್ನಡದ ಸ್ಲೈಡ್‌ಗೆ ಇನ್ನೊಂದು ಅಪಾಯವಿದೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಾಲೇಜಿನ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಇಂಗ್ಲಿಷ್ ಕಸವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನಿರ್ಮಲಾ ಯುಐ ಫಾಂಟ್ ಇಟ್ಟೆವು. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಅಕ್ಷರದ ಗಾತ್ರ 28ಕ್ಕಿಂತ ಸಣ್ಣದಾದರೆ ಹಿಂದಿನ ಬೆಂಚಿಗೆ ಒತ್ತಕ್ಷರ ಕಾಣುವುದಿಲ್ಲ. ಜೊತೆಗೆ ಒಂದು ಪಿಡಿಎಫ್ ಪ್ರತಿ, ಪೆನ್‌ಡ್ರೈವ್‌ನಲ್ಲೂ ಮೇಲ್‌ನಲ್ಲೂ. ಪ್ರೊಜೆಕ್ಟರಿಗೆ ಹಾಕುವ ಕೇಬಲ್ ವಿಜಿಎನೋ ಎಚ್‌ಡಿಎಂಐನೋ ಎಂದು ಹಿಂದಿನ ದಿನವೇ ನೋಡಿಕೊಂಡು ಬರಬೇಕು.

ಕೈ ಬದಲಾಗುವ ವಾಕ್ಯವನ್ನು ಬರೆದೇ ಕಲಿತೆವು: “ತೆರಿಗೆಯ ದರ ಇಷ್ಟು. ಇದು ಕಿರಾಣಿ ಅಂಗಡಿಯ ಬಿಲ್ಲಿನಲ್ಲಿ ಹೇಗೆ ಕಾಣುತ್ತದೆ ಅನ್ನುವುದನ್ನು ಈಗ ನನ್ನ ಸ್ನೇಹಿತೆ ತೋರಿಸುತ್ತಾರೆ.” ಹೀಗೆ ಪ್ರಶ್ನೆ ಕೈಗಿಟ್ಟು ಹೋದರೆ ಮುಂದಿನವರ ಮೊದಲ ಸಾಲು ತಾನಾಗಿ ಬರುತ್ತದೆ. ಪಕ್ಕದವರ ಭಾಗವನ್ನೂ ಪ್ರತಿಯೊಬ್ಬರು ಕಲಿತಿರಬೇಕು; ಯಾರಿಗಾದರೂ ಜ್ವರ ಬಂದರೆ ಅದೇ ಆಸರೆ.

ಬಟ್ಟೆಯ ವಿಷಯಕ್ಕೆ ಬಂದರೆ, ಬ್ಲೇಜರ್ ಬೇಕಿಲ್ಲ. ಬಾಡಿಗೆಯದು ಭುಜದಲ್ಲಿ ಬಿಗಿಯಾದರೆ ಕೈ ಎತ್ತಿ ತೆರೆ ತೋರಿಸಲಾಗದು. ತಿಳಿ ಬಣ್ಣದ ತುಂಬುತೋಳಿನ ಶರ್ಟು, ಕಡು ಬಣ್ಣದ ಪ್ಯಾಂಟು, ಅದೇ ಬಣ್ಣದ ಬೆಲ್ಟು–ಶೂ. ಹುಡುಗಿಯರಿಗೆ ಸರಳ ಚೂಡಿದಾರ್ ಅಥವಾ ಹತ್ತಿ ಸೀರೆ ಸಾಕು. ಐವರ ಬಟ್ಟೆಯೂ ಒಂದೇ ಬಣ್ಣದ್ದಾಗಬೇಕಿಲ್ಲ, ಇಸ್ತ್ರಿ ಮಾತ್ರ ಎಲ್ಲರದೂ ಆಗಿರಬೇಕು. ಅಂಗಡಿಗೆ ಕೊಡುವುದಾದರೆ ಎರಡು ದಿನ ಮುಂಚೆ ಕೊಡಿ. ಹೊಸ ಶೂ ಕಚ್ಚುತ್ತದೆ, ತಾಲೀಮಿನಲ್ಲೇ ಹಾಕಿ ನಡೆದಾಡಿ. ಕಾಲರ್ ಮೈಕ್ ಇದ್ದರೆ ದುಪಟ್ಟಾ, ಸೆರಗು ಅದಕ್ಕೆ ಉಜ್ಜಿ ಪರಪರ ಸದ್ದು ಬರುತ್ತದೆ. ಆ ಬದಿಗೆ ಬಟ್ಟೆ ಬರದಂತೆ ಪಿನ್ ಹಾಕಿ, ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಗಾಜಿನ ಬಳೆ ಮೇಜಿಗೆ ತಾಗಿದರೆ ಮಾತಿಗಿಂತ ಅದೇ ಕೇಳುತ್ತದೆ.

ಕಾಯುವ ನಾಲ್ವರು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬರದೆ ಒಂದೇ ಬದಿಗೆ ನಿಲ್ಲುವುದು, ಮೊಬೈಲ್ ಬ್ಯಾಗಿನಲ್ಲಿ. ಪ್ರಶ್ನೆ ಬಂದಾಗ ಆ ಭಾಗ ಹೇಳಿದವರೇ ಉತ್ತರಿಸುವುದು. ಪವರ್‌ಪಾಯಿಂಟ್‌ನಲ್ಲಿ ಸ್ಲೈಡಿನ ಅಂಕಿ ಒತ್ತಿ ಎಂಟರ್ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ, ಹಾಗಾಗಿ ಹತ್ತೂ ಸ್ಲೈಡಿನ ಅಂಕಿ ಬರೆದ ಚೀಟಿ ಲ್ಯಾಪ್‌ಟಾಪ್ ಪಕ್ಕದಲ್ಲಿತ್ತು.